ನಲವತ್ತೆರಡು ಅಡಿ

ಕೊಂಢವಾ, ೧೮ ನವೆಂಬರ್ ೨೦೨೫, ಮಂಗಳವಾರ

...‘ಅಷ್ಟು ಬಿಗಿ ಬೇಡ ಮಾರಾಯ್ರೆ, ಸ್ವಲ್ಪ ಸಡಿಲ ಇರ್ಲಿ’ ಎಂದೇ ಇರಬೇಕು ಕುಸುಮ ಹೇಳಿದ್ದು. ನನ್ನ ಬಾಲ್ಕನಿಯಿಂದ ಎದುರು ಕಟ್ಟಡದ ಅವಳ ಬಾಲ್ಕನಿಗೆ ಹಗ್ಗ ಕಟ್ಟಿದ ದಿನ. ಆಮೇಲೆ ಚೀಲದಲ್ಲಿ ನೀರುದೋಸೆ ಈ ಕಡೆ ಬರುತ್ತಿತ್ತು, ಪುಸ್ತಕ ಆ ಕಡೆ ಹೋಗುತ್ತಿತ್ತು.

ಇವತ್ತು ಎರಡೂ ಕಟ್ಟಡಗಳ ಕ್ಯಾಮೆರಾಗಳಿಗೆ ಕೇಬಲ್ ಹೇಗೆ ಎಳೆಯುವುದೆಂದು ನೋಡಲು ವೈರಿಂಗ್ ಕೆಲಸದ ಮಾಂತು ಬಂದಿದ್ದ. ಸೊಸೈಟಿಯ ಕಾರ್ಯದರ್ಶಿಯಾದ್ದರಿಂದ ನಾನೂ ಜೊತೆಗೆ ಹತ್ತಿ ಇಳಿದೆ. ನಡುವೆ ಎಷ್ಟು ಅಂತರ ಎಂದು ಕೇಳಿದ. ನಲವತ್ತೆರಡು ಅಡಿ ಎಂದೆ. ಅಳೆದು ನೋಡಿ ನಕ್ಕ. ‘ಬರೋಬ್ಬರಿ ಅದರೀ! ಟೇಪ್ ನುಂಗೀರೇನ್ರಿ ಸಾಹೇಬ್ರ?’

ನನ್ನ ಬಾಲ್ಕನಿಯ ಗೋಡೆಯಲ್ಲಿ ಆ ಹಗ್ಗ ಕಟ್ಟಿದ್ದ ಹಳೆಯ ಕೊಕ್ಕೆ ಅವನಿಗೆ ಹಿಡಿಸಿತು. ಕೇಬಲ್ ಇದರಿಂದಲೇ ಹೋಗಲಿ ಎಂದ. ‘ಭಾಳ ಜಗ್ಗಬಾರದಷ್ಟ. ಗಾಳಿಗೆ ಹರೀತದ.’

ಬೇಡ, ಟೆರೇಸಿನ ಮೇಲಿಂದ ಒಯ್ಯಿ ಎಂದೆ.

‘ಸೀದಾ ದಾರಿ ಬಿಟ್ಟು ಊರ ಸುತ್ತಾಕ ಹಚ್ಚೀರಲ್ರಿ!’

ನಕ್ಷೆ ಮತ್ತೆ ಬರೆದದ್ದಾಯಿತು. ನಾಳೆ ಸಮಿತಿಯವರು ಕಾರಣ ಕೇಳುತ್ತಾರೆ. ಆ ಕೊಕ್ಕೆ ಖಾಲಿ ಇರಬೇಕು ಎಂದು ಹೇಗೆ ಹೇಳಲಿ?

ಗಂಡ ತೀರಿಕೊಂಡ ಮೇಲೆ, ಇಬ್ಬರೂ ನಡೆಸುತ್ತಿದ್ದ ಹೋಟೆಲ್ ಮುಚ್ಚಿ ಕುಸುಮ ಉಡುಪಿಗೆ ಹೊರಟುಹೋಗಿ ಎರಡು ವರ್ಷ. ಹೊರಡುವ ದಿನ ತಾನೇ ಹಗ್ಗ ಬಿಚ್ಚಿ, ಸುತ್ತಿ, ತಂದುಕೊಟ್ಟಳು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದಳು. ನಾನು ಥ್ಯಾಂಕ್ಸ್ ಎಂದೆ. ಹಗ್ಗಕ್ಕೆ ಥ್ಯಾಂಕ್ಸ್.

ಕುಸುಮಾ, ಆಗ ‘ಹೋಗಬೇಡಿ’ ಎಂದಿದ್ದರೆ ನೀವು ಉಳಿಯುತ್ತಿದ್ದಿರಾ?