ಅಲರ್ಜಿ: ಇಲ್ಲ

ಪ್ರಿಯ ಕೋಷ್ಟಕ,

ಈ ಹೆಸರಿನಿಂದ ಹನ್ನೊಂದು ವರ್ಷಗಳಲ್ಲಿ ನಿನ್ನನ್ನು ಯಾರೂ ಕರೆದಿರಲಾರರು. ಇಟ್ಟವಳು ನಾನು, ಕರೆಯುವ ಹಕ್ಕು ಕಳೆದುಕೊಂಡವಳೂ ನಾನೇ. ಮನೆಗೆ ತರುವ ತರಕಾರಿಗೂ ಗೆರೆ ಎಳೆದು ಪಟ್ಟಿ ಮಾಡುವ ಹೆಂಗಸನ್ನು ಬೇರೆ ಏನೆಂದು ಕರೆಯಬೇಕಿತ್ತು ಹೇಳು. ನಿನ್ನ ನಿಜವಾದ ಹೆಸರು ಬರೆಯೋಣವೆಂದು ಕೂತೆ. ಅದು ವಿಚಾರಣೆಯ ವರದಿಯಲ್ಲಿದ್ದ ಹಾಗೇ ಕಂಡಿತು, ಹೊಡೆದುಹಾಕಿದೆ. ಸಿಟ್ಟು ಬಂದರೆ ಬರಲಿ. ಬರುವುದಕ್ಕೆ ಬೇಕಾದಷ್ಟು ಕಾರಣ ಮುಂದಿದೆ.

ಆಸ್ಪತ್ರೆಯ ಹಳೇ ಪ್ರೋಗ್ರಾಮ್ ತೆಗೆದು ಹೊಸದು ಹಾಕುತ್ತಿದ್ದಾರೆ. ಹಳೆಯದರಲ್ಲಿ ಎಲ್ಲೆಲ್ಲಿ ಏನೇನಿದೆ ಎಂದು ಬರೆದುಕೊಡಲು ನನಗೆ ಹೇಳಿದ್ದಾರೆ. ನಾನೂ ಅದರ ಜೊತೆಗೇ ಹೊರಡುವವಳು, ನಿವೃತ್ತಿಗೆ ನಾಲ್ಕು ತಿಂಗಳಿದೆ. ಕೂತಿರುವುದು ನೆಲಮಹಡಿಯ ಅದೇ ಕೋಣೆಯಲ್ಲಿ, ಅದೇ ಮೇಜಿನ ಮುಂದೆ. ಊಟಕ್ಕೆ ನೀನು ಕೂರುತ್ತಿದ್ದ ಬದಿಯಲ್ಲಿ ಕೆಟ್ಟುಹೋದ ಎರಡು ಪ್ರಿಂಟರ್ ಇಟ್ಟಿದ್ದಾರೆ. ಇಡಿ ಎಂದವಳು ನಾನೇ. ಖಾಲಿ ಕುರ್ಚಿಗಿಂತ ಅದೇ ವಾಸಿ ಅನ್ನಿಸಿತ್ತು.

ನಮ್ಮಿಬ್ಬರ ಕೆಲಸ ನೆನಪಿದೆಯಲ್ಲ. ಮೇಲಿನ ಮಹಡಿಯ ತಣ್ಣನೆಯ ಕೋಣೆಯಲ್ಲಿ ನಿನ್ನ ಡೇಟಾಬೇಸ್ ಸರ್ವರ್, ರೋಗಿಗಳ ವಿವರವೆಲ್ಲ ಅದರ ಹೊಟ್ಟೆಯಲ್ಲಿ. ವಾರ್ಡಿನಲ್ಲಿ ಡಾಕ್ಟರು, ನರ್ಸು ನೋಡುವ ಸ್ಕ್ರೀನುಗಳನ್ನು ಸಿ ಭಾಷೆಯಲ್ಲಿ ಬರೆದವಳು ನಾನು. ನನ್ನ ಕೋಡು ನಿನ್ನ ಸರ್ವರ್ ಜೊತೆ ನೇರವಾಗಿ ಮಾತಾಡಲಾರದು. ನಡುವೆ ಒಂದು ಲೈಬ್ರರಿ ಇತ್ತು, ಇನ್ಯಾರೋ ಬರೆದುಕೊಟ್ಟ ಸಿದ್ಧ ಫಂಕ್ಷನ್ನುಗಳ ಕಟ್ಟು. ಸಂಪರ್ಕ ತೆರೆ, ಪ್ರಶ್ನೆ ಕಳಿಸು, ಬಂದ ಉತ್ತರದಲ್ಲಿ ಎಷ್ಟನೇ ಸಾಲು, ಎಷ್ಟನೇ ಖಾನೆ ಎಂದು ಹೇಳಿ ಒಂದೊಂದೇ ಎತ್ತಿಕೋ, ಮುಗಿದ ಮೇಲೆ ಉತ್ತರ ಹಿಡಿದಿಟ್ಟ ಜಾಗ ಬಿಟ್ಟುಕೊಡು. ಅಷ್ಟೇ ಅದರ ಸಂಸಾರ. ನಾನು ದಿನವೆಲ್ಲ ಲೈಬ್ರರಿ, ಲೈಬ್ರರಿ ಎನ್ನುವುದು ಕೇಳಿ ಅಮ್ಮ ಪಕ್ಕದ ಮನೆಯವರ ಹತ್ತಿರ ನನ್ನ ಮಗಳು ಆಸ್ಪತ್ರೆಯಲ್ಲಿ ಪುಸ್ತಕ ಕೊಡುತ್ತಾಳೆ ಎಂದು ಹೇಳಿಕೊಂಡು ಬಂದಿದ್ದಳು. ನೀನು ನಕ್ಕು ನಕ್ಕು ಡಬ್ಬಿ ಮುಚ್ಚಳ ಬೀಳಿಸಿದ್ದೆ.

ಆ ಲೈಬ್ರರಿಯ ಕೈಪಿಡಿಯನ್ನು ಓದಬೇಕಾದವಳು ನಾನು, ಓದುತ್ತಿದ್ದವಳು ನೀನು. ಅದೂ ಊಟದ ಹೊತ್ತಿಗೆ, ಗಟ್ಟಿಯಾಗಿ. "ಕೇಳೇ ಇಲ್ಲಿ, ಜಾಗ ಬಿಟ್ಕೊಡದೇ ಇದ್ರೆ ತುಂಬ್ತಾನೇ ಹೋಗುತ್ತಂತೆ, ನಿನ್ನ ಕಪಾಟಿನ ಥರ." ಒಂದು ದಿನ ಓದುತ್ತಾ ಓದುತ್ತಾ ನೀನು ತಟ್ಟನೆ ನಿಲ್ಲಿಸಿದೆ. "ಖಾನೆ ಯಾರೂ ತುಂಬೇ ಇಲ್ಲ ಅಂದ್ರೂ ಇದು ಖಾಲಿ ಅಕ್ಷರಾನೇ ತಂದು ಕೊಡುತ್ತಂತೆ ಕಣೇ. ನಿಜವಾಗ್ಲೂ ಖಾಲೀನಾ, ಇಲ್ಲಾ ಯಾರೂ ತುಂಬೇ ಇಲ್ವಾ ಅಂತ ಇನ್ನೊಂದು ಫಂಕ್ಷನ್ ಕರೆದು ಬೇರೆಯಾಗಿ ಕೇಳ್ಬೇಕಂತೆ. ಮರೀಬೇಡ." ನಾನು, "ಊಟ ಮಾಡೋಕ್ ಬಿಡ್ತೀಯಾ ತಾಯೇ" ಎಂದೆ.

ನಮ್ಮಲ್ಲಿ ಅದು ದೊಡ್ಡ ವಿಷಯವೇ ಆಗಿತ್ತು. ಅಲರ್ಜಿ ಇದೆಯಾ ಎಂದು ನರ್ಸ್ ಕೇಳಿ, ರೋಗಿ ಏನೂ ಇಲ್ಲ ಎಂದಿದ್ದರೆ ಆ ಖಾನೆಯಲ್ಲಿ ಖಾಲಿ ಅಕ್ಷರ, ಅಂದರೆ ಒಂದಕ್ಷರವೂ ಇಲ್ಲದ ಉತ್ತರ, ಕೂರಬೇಕು. ಯಾರೂ ಕೇಳೇ ಇಲ್ಲದಿದ್ದರೆ ಖಾನೆಯನ್ನು ಮುಟ್ಟಲೇಬಾರದು. ಆ ನಿಯಮ ಮಾಡಿದವಳು ನೀನು, ಪಾಲಿಸಿದವಳೂ ನೀನು. ನಾನೂ ಎಲ್ಲ ಸ್ಕ್ರೀನುಗಳಲ್ಲಿ, ಖಾನೆಯನ್ನು ಯಾರಾದರೂ ತುಂಬಿದ್ದಾರಾ ಎಂಬ ಆ ಎರಡನೇ ಪ್ರಶ್ನೆ ಕೇಳಿದೆ. ತುರ್ತು ವಿಭಾಗದ ಸ್ಕ್ರೀನ್ ಮಾತ್ರ ಅವಸರದಲ್ಲಿ ಬರೆದದ್ದು. ಅಲ್ಲಿ ಕೇಳಲಿಲ್ಲ. ಖಾಲಿ ಬಂದರೆ 'ಇಲ್ಲ' ಎಂದು ತೋರಿಸು, ಮುಗೀತು.

ಆಮೇಲೆ ತುರ್ತು ವಿಭಾಗಕ್ಕೆ ಆ ಬಸ್ ಡ್ರೈವರ್ ಬಂದರು. ಎದೆಯಲ್ಲಿ ಸೋಂಕು, ಜ್ವರ. ಅಲರ್ಜಿಯ ಬಗ್ಗೆ ಅವರನ್ನು ಯಾರೂ ಎಂದೂ ಕೇಳಿರಲಿಲ್ಲ. ಸ್ಕ್ರೀನಿನ ಮೇಲೆ 'ಅಲರ್ಜಿ: ಇಲ್ಲ' ಎಂದಿತ್ತು. ಡಾಕ್ಟರು ಅದನ್ನು ನಂಬಿ ಇಂಜೆಕ್ಷನ್ ಕೊಟ್ಟರು. ಹತ್ತು ನಿಮಿಷದಲ್ಲಿ ಉಸಿರು ಕಟ್ಟಿತು. ಇಪ್ಪತ್ತೆರಡು ದಿನ ಐಸಿಯುನಲ್ಲಿದ್ದು ಬದುಕಿಕೊಂಡರು, ಆದರೆ ಮಾತು ತೊದಲಾಯಿತು, ಸ್ಟಿಯರಿಂಗ್ ಹಿಡಿಯುವ ಕೆಲಸ ಮುಗಿಯಿತು.

ವಿಚಾರಣೆಯಲ್ಲಿ ಮೊದಲು ನನ್ನನ್ನು ಕೇಳಿದರು. "ನಿಮ್ಮ ಪ್ರೋಗ್ರಾಮ್ ತಾನಾಗೇ ಏನಾದ್ರೂ ಬರ್ಕೊಳ್ಳುತ್ತಾ?" ನಾನು, "ಇಲ್ಲ ಸರ್, ಸರ್ವರಿಂದ ಬಂದಿದ್ದನ್ನ ತೋರಿಸುತ್ತೆ ಅಷ್ಟೇ" ಎಂದೆ. ನೀನು, "ಆ ಖಾನೆ ಯಾರೂ ತುಂಬಿರ್ಲಿಲ್ಲ ಸರ್" ಎಂದೆ. "ಮತ್ತೆ ಇಲ್ಲ ಅಂತ ಹೇಗ್ ಬಂತು?" ನೀನು ನನ್ನ ಕಡೆ ನೋಡಿದೆ. ನಾನು ನೀರಿನ ಲೋಟ ನೋಡುತ್ತಿದ್ದೆ.

ಹೊರಗೆ ಬಂದ ಮೇಲೆ ನೀನು ಮೆಲ್ಲಗೆ ಕೇಳಿದೆ, "ತುರ್ತು ವಿಭಾಗದ್ದು ಒಂದ್ಸಲ ನೋಡ್ತೀಯಾ?" ಔಷಧಿ ಸಾಲಿನಲ್ಲಿ ನಿಂತವರೆಲ್ಲ ತಿರುಗುವ ಹಾಗೆ ನಾನು, "ನನ್ನ ತಲೆಗೇ ಕಟ್ತೀಯಾ?" ಎಂದೆ. ಆದರೂ ಅಂದೇ ಮಧ್ಯಾಹ್ನ ಬಾಗಿಲು ಹಾಕಿಕೊಂಡು ನೋಡಿದೆ. ಹುಡುಕಲು ಐದು ನಿಮಿಷವೂ ಬೇಕಾಗಲಿಲ್ಲ. ಒಂದು ಸಾಲು ಸೇರಿಸಿ ಸರಿಮಾಡಿದೆ, ತಿದ್ದುಪಡಿಗಳ ಪಟ್ಟಿಯಲ್ಲಿ 'ಸಣ್ಣ ಬದಲಾವಣೆ' ಎಂದು ಬರೆದೆ. ಮರುದಿನ ನಿನ್ನ ಎದುರು ನಿಂತು, "ನೋಡ್ದೆ. ನನ್ನ ಕಡೆ ಎಲ್ಲಾ ಸರಿಯಾಗಿದೆ" ಎಂದೆ. ನೀನು ತಲೆಯಾಡಿಸಿದೆ. ನನ್ನ ಮಾತು ನಂಬಿದೆ. ತಪ್ಪು ಸರ್ವರಿನದೇ ಎಂದು ವರದಿ ಬರೆದು ನಿನ್ನನ್ನು ಕೆಲಸದಿಂದ ತೆಗೆದದ್ದು ಅದಾಗಿ ಎಂಟು ದಿನಕ್ಕೆ. ಆ ಎಂಟು ದಿನದಲ್ಲಿ ಯಾವತ್ತಾದರೂ ಬಾಯಿ ಬಿಡಬಹುದಿತ್ತು. ಅಮ್ಮನ ಚಿಕಿತ್ಸೆ ಇದೇ ಆಸ್ಪತ್ರೆಯಲ್ಲಿ ನಡೆಯುತ್ತಿತ್ತು, ಹಾಗೆ ಹೀಗೆ ಎಂದು ನನಗೆ ನಾನೇ ಹೇಳಿಕೊಂಡೆ. ಅವೆಲ್ಲ ನೆಪ. ಹೆದರಿದೆ, ಅಷ್ಟೇ.

ನೀನಿಲ್ಲದ ವರ್ಷಗಳ ಬಗ್ಗೆ ಹೇಳಿ ನಿನ್ನ ಕನಿಕರ ಗಿಟ್ಟಿಸುವುದು ಬೇಡ ಅಂದುಕೊಂಡಿದ್ದೆ. ತಡೆಯಲಾಗುತ್ತಿಲ್ಲ. ಊಟವನ್ನು ಏಳು ನಿಮಿಷದಲ್ಲಿ ಮುಗಿಸುತ್ತೇನೆ. ಯಾರಾದರೂ ಜೊತೆಗೆ ಕೂರಲು ಬಂದರೆ ಕೆಲಸವಿದೆ ಎಂದು ಏಳುತ್ತೇನೆ, ಸ್ನೇಹ ಬೆಳೆದರೆ ಒಂದಲ್ಲ ಒಂದು ದಿನ ಇದನ್ನು ಹೇಳಬೇಕಾಗುತ್ತದಲ್ಲ. "ಆ ಹುಡುಗಿ ಯಾಕೆ ಬರೋದೇ ಇಲ್ಲ?" ಎಂದು ಅಮ್ಮ ಕೊನೆಯವರೆಗೂ ಕೇಳಿದಳು. ಅವಳಿಗೆ ಬಿಡುವಿಲ್ಲ ಎನ್ನುತ್ತಿದ್ದೆ. ಅಮ್ಮ ಹೋದ ಮೇಲೆ ಮನೆಯಲ್ಲಿ ಆ ಪ್ರಶ್ನೆ ಕೇಳುವವರೂ ಇಲ್ಲ. ಶನಿವಾರ ಸಂಜೆ ಬಾಯಿ ಮುಚ್ಚಿದರೆ ಸೋಮವಾರ ಬೆಳಿಗ್ಗೆ ಗೇಟಿನ ಕಾವಲುಗಾರನಿಗೆ ನಮಸ್ಕಾರ ಹೇಳುವಾಗಲೇ ನನ್ನ ದನಿ ನನಗೆ ಕೇಳಿಸುವುದು.

ಈ ವಾರ ತಿದ್ದುಪಡಿಗಳ ಪಟ್ಟಿಯನ್ನು ನಕಲು ಮಾಡುವಾಗ ಆ 'ಸಣ್ಣ ಬದಲಾವಣೆ' ಸಾಲು ಬಂತು. ಬಿಟ್ಟು ಮುಂದೆ ಹೋಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೈ ಮುಂದೆ ಹೋಗಲಿಲ್ಲ. ಎಲ್ಲವನ್ನೂ ಎರಡು ಪುಟದಲ್ಲಿ ಬರೆದು, ಸಹಿ ಹಾಕಿ ಸೂಪರಿಂಟೆಂಡೆಂಟರ ಬಳಿ ಹೋದೆ. "ಆ ಪ್ರೋಗ್ರಾಮೇ ಹೋಗ್ತಾ ಇದೆ, ಈಗ್ಯಾಕಮ್ಮ ಇದೆಲ್ಲಾ?" ಎಂದರು. "ಪ್ರೋಗ್ರಾಮ್ ಹೋಗುತ್ತೆ ಸರ್, ವರದಿಯಲ್ಲಿರೋ ಅವಳ ಹೆಸರು ಹೋಗಲ್ಲ" ಎಂದೆ. ಸ್ವೀಕರಿಸಿದ್ದೇನೆ ಎಂದು ಮೊಹರು ಹಾಕಿಕೊಡುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ. ಅದರ ಪ್ರತಿ ಇದರ ಜೊತೆಗಿದೆ. ನನಗೆ ಏನು ಶಿಕ್ಷೆಯೋ ಇನ್ನೂ ಹೇಳಿಲ್ಲ.

ನಿನ್ನೆ ಆ ಡ್ರೈವರ ಮನೆಗೂ ಹೋಗಿದ್ದೆ. ಎರಡು ಕೋಣೆಯ ಮನೆ. ಅವರು ಕಿಟಕಿ ಪಕ್ಕ ಕೂತಿದ್ದರು. ಹೇಳಬೇಕಾದದ್ದನ್ನು ಹೇಳಿದೆ. ಅವರು ಕಷ್ಟಪಟ್ಟು ಒಂದೇ ಮಾತು ಕೇಳಿದರು: "ಹಾಗಾದ್ರೆ... ಆ ಇನ್ನೊಬ್ಬರು ಮೇಡಮ್?" ನನಗೆ ಅರ್ಥವಾಗಲಿಲ್ಲ. ಅವರ ಹೆಂಡತಿ ಹೇಳಿದರು. ನೀನು ತಿಂಗಳಿಗೊಮ್ಮೆ ಅಲ್ಲಿಗೆ ಬರುತ್ತೀಯಂತೆ. ಹನ್ನೊಂದು ವರ್ಷದಿಂದ. ಅವರಿಗೆ ಪತ್ರಿಕೆ ಓದಿ ಹೇಳುತ್ತೀಯಂತೆ. ಹೊರಡುವಾಗ ಪ್ರತಿ ಸಲವೂ, "ನನ್ನ ಕಡೆಯಿಂದಾನೇ ಎಲ್ಲೋ ತಪ್ಪಾಗಿದೆ. ಎಲ್ಲಿ ಅಂತ ಇನ್ನೂ ಗೊತ್ತಾಗ್ಲಿಲ್ಲ" ಎನ್ನುತ್ತೀಯಂತೆ. ನಿನ್ನ ವಿಳಾಸ ಕೊಟ್ಟದ್ದು ಅವರೇ. ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಅತ್ತೆ. ಪಕ್ಕದ ಸೀಟಿನ ಹೆಂಗಸು ಏನೂ ಕೇಳದೆ ಸರಿದು ಜಾಗ ಕೊಟ್ಟಳು.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಮತ್ತೆ ನಿನಗೇ ಕೆಲಸ ಕೊಟ್ಟಂತೆ. ಇದಕ್ಕೆ ಉತ್ತರವನ್ನೂ ಬರೆಯಬೇಡ. ಒಂದೇ ಒಂದು ಮಾತು ನಿನಗೆ ತಲುಪಿದರೆ ಸಾಕು. ನಿನ್ನ ಸರ್ವರಿನಲ್ಲಿ, ನಿನ್ನ ನಿಯಮದಲ್ಲಿ, ನೀನು ಎಳೆದ ಒಂದೇ ಒಂದು ಗೆರೆಯಲ್ಲಿಯೂ ತಪ್ಪಿರಲಿಲ್ಲ. ಇನ್ನು ಹುಡುಕಬೇಡ ಕಣೇ.

ನೆಮ್ಮದಿಯಾಗಿ ನಿದ್ದೆ ಬರಲಿ ನಿನಗೆ. ನೂರು ವರ್ಷ ತಲೆಯೆತ್ತಿ ಬಾಳು.

ಇಂತಿ,
ನಿನ್ನ ಹೆಸರಿನಲ್ಲಿ ದಾಖಲಾದ ತಪ್ಪಿನ ನಿಜವಾದ ವಾರಸುದಾರಳು