ಬಾಗಿಲಲ್ಲಿ ತೂಗುವ ಮಸೂರ

ಕನ್ನಡಕದಂಗಡಿ ಲಬೀಬ್ ಮಾಮನಿಗೆ ಸಲಾಂ.

ನಾಳೆ ನಮ್ಮ ಅಕ್ಕ ಸನಿಯಾಳ ಮದುವೆ ಹಾಸಿಗೆಗೆ ಓಣಿಯಲ್ಲೇ, ನಿಮ್ಮ ಬಾಗಿಲ ಮುಂದೆ, ಹತ್ತಿ ಹಿಂಜುತ್ತಾರೆ. ಬಾಗಿಲಲ್ಲಿ ತೂಗುಹಾಕಿರೋ ದೊಡ್ಡ ಮಸೂರಕ್ಕೆ ದಯವಿಟ್ಟು ಬಟ್ಟೆ ಮುಚ್ಚಿ.

ನಿನ್ನೆ ಕೇಳಿದ್ದಕ್ಕೆ, "ಹತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟೋನು ನಂಗೇ ಗಾಜಿನ ಪಾಠ ಹೇಳ್ತೀಯೇನೋ?" ಅಂತ ನಕ್ಕಿರಿ. ಇವತ್ತು ಅದರ ಹಿಂದೆ ಕಾಗದ ಹಿಡಿದು ಮೆಲ್ಲಗೆ ಸರಿಯುತ್ತಾ ಹೋದೆ. ಎರಡು ಮೊಳ ದೂರದಲ್ಲಿ, ಓಣಿ ಕೊನೆಯ ಮಿನಾರು ತಲೆಕೆಳಗಾಗಿ ಸ್ಪಷ್ಟವಾಗಿ ಮೂಡಿತು. ಸೂರ್ಯನ ಬಿಂಬ ಬೀಳೋದೂ ಅಷ್ಟೇ ದೂರಕ್ಕೆ. ಮಧ್ಯಾಹ್ನ ಮಸೂರದ ಬಿಸಿಲು ಬೀಳೋ ಕಡೆ ಅಷ್ಟೇ ದೂರದಲ್ಲಿ ಹಿಡಿದ ಕಾಗದ ಹೊಗೆಯಾಡಿತು. ನಾಳೆ ಹತ್ತಿ ರಾಶಿ ಇರೋದೂ ಅಲ್ಲೇ, ಸುತ್ತ ಹೆಂಗಸರು ಮಕ್ಕಳು ಕೂತು ಹಾಡ್ತಿರ್ತಾರೆ. ಜಾಗ ಬದಲಿಸಿದರೆ ಅಪಶಕುನ ಅಂತಾಳೆ ಅಮ್ಮ.

ನೀವು ಮುಚ್ಚದಿದ್ದರೆ ಮಸೂರಕ್ಕೂ ಹತ್ತಿಗೂ ನಡುವೆ ನಾನೇ ಅಡ್ಡ ನಿಲ್ತೀನಿ. ಆದರೆ ನಾನು ಒಂದು ಕಡೆ ನಿಲ್ಲೋ ಪೈಕಿ ಅಲ್ಲ, ಅದು ನಿಮಗೂ ಗೊತ್ತು.

ಎದುರುಮನೆಯ
ರಮ್ಜಿ