ರೌಡಿ ಸುಮ್ಮನಾದ

ಮಾರ್ಚ್ 3, ಬೆಳಿಗ್ಗೆ
ಇವತ್ತೂ ಮಾನ ಹರಾಜು. ತಿರುವಿನಲ್ಲಿ ಬಿಳಿ ನಾಯಿ ಕಂಡದ್ದೇ ತಡ, ನಮ್ಮ ರೌಡಿ ಬೊಗಳುತ್ತಾ ಹಗ್ಗ ಎಳೆದುಕೊಂಡು ಎಗರಿದ. ನನ್ನ ಚಪ್ಪಲಿ ಒಂದು ಕಡೆ, ನಾನೊಂದು ಕಡೆ. ಮನೆ ಓನರ್ ಬಾಲ್ಕನಿಯಿಂದ, "ಇನ್ನೊಂದ್ಸಲ ಹೀಗಾದ್ರೆ ನಾಯಿನ ಬೇರೆ ಕಡೆ ಕಳಿಸಿಬಿಡಿ" ಅಂದರು. ಅಕ್ಕ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಇವನೊಬ್ಬನೇ. ಎಲ್ಲಿಗೆ ಕಳಿಸಲಿ?

ಮಾರ್ಚ್ 5
ನಾಯಿ ಟ್ರೇನರ್ ಬಂದಿದ್ದರು. ರೌಡಿಗಿಂತ ನನ್ನನ್ನೇ ಹೆಚ್ಚು ನೋಡಿದರು. "ಇನ್ನೊಂದು ನಾಯಿ ಕಂಡ ತಕ್ಷಣ ನೀವೇ ಹಗ್ಗ ಬಿಗಿ ಮಾಡ್ತೀರ ಸಾರ್. ಏನೋ ಅಪಾಯ ಅಂತ ಅವನಿಗೆ ಹೇಳ್ಕೊಡ್ತಿರೋದೇ ನೀವು."
ಪಾಠ ಇಷ್ಟೇ — ದೂರದಲ್ಲಿ ಇನ್ನೊಂದು ನಾಯಿ. ನೋಡಿ ಸುಮ್ಮನಿದ್ದರೆ ಚೀಸ್ ಚೂರು. ದಿನ ಕಳೆದಂತೆ ಹತ್ತಿರ.
"ಸಾಧು ನಾಯಿ ಇರೋ ಫ್ರೆಂಡ್ ಯಾರಾದ್ರೂ ಇದ್ದಾರಾ?"
"ಇದ್ದಾರೆ" ಅಂದುಬಿಟ್ಟೆ. ಫ್ರೆಂಡಂತೆ! ದಿನವಿಡೀ ಡೆಂಟಲ್ ಲ್ಯಾಬಿನಲ್ಲಿ ಹಲ್ಲಿನ ಸೆಟ್ ಮಾಡುತ್ತೇನೆ. ಅಷ್ಟೊಂದು ಬಾಯಿ, ಮಾತಾಡೋದು ಒಂದೂ ಇಲ್ಲ.

ಮಾರ್ಚ್ 11
ಧೈರ್ಯ ಬರಲು ಇಷ್ಟು ದಿನ ಹಿಡಿಯಿತು. ಎದುರುಮನೆ ಸಿಸ್ಟರನ್ನು ಕೇಳಿದೆ. ಆಸ್ಪತ್ರೆ ಡ್ಯೂಟಿ ಮುಗಿಸಿ ಸಂಜೆ ಮುದಿ ನಾಯಿಯನ್ನು ಅಡ್ಡಾಡಿಸುತ್ತಾರೆ. ಅದರ ಹೆಸರೇ ಅಜ್ಜಿ.
"ಅದಕ್ಕೇನಂತೆ, ಬನ್ನಿ. ನಮ್ಮಜ್ಜಿಗೆ ಕಿವಿ ಕೇಳ್ಸಲ್ಲ, ಎಷ್ಟು ಬೊಗಳಿದ್ರೂ ತಲೆ ಕೆಡಿಸ್ಕೊಳ್ಳಲ್ಲ."

ಮಾರ್ಚ್ 12
ಅವರು ಆ ಫುಟ್‌ಪಾತ್, ನಾವು ಈ ಫುಟ್‌ಪಾತ್. ಮಧ್ಯೆ ಬಸ್ಸು, ಸ್ಕೂಟರು. ಮಾತೆಲ್ಲ ಕೂಗಿಯೇ. "ಕಾಫಿ ಆಯ್ತಾ?" ಅಂದದ್ದು ಇಡೀ ಬೀದಿಗೆ ಕೇಳಿಸಿರಬೇಕು. ಗಂಟಲು ನೋಯುತ್ತಿದೆ. ಖುಷಿಯಾಗಿದೆ.

ಏಪ್ರಿಲ್ 2
ಒಂದೇ ಫುಟ್‌ಪಾತ್! ಅವರು ಮುಂದೆ, ನಾವು ಹಿಂದೆ. ಸಿಸ್ಟರ್ ತಿರುಗಿ ತಿರುಗಿ ವಾರ್ಡಿನ ಕಥೆ ಹೇಳಿದರು, ಕಂಬಕ್ಕೆ ಢಿಕ್ಕಿ ಹೊಡೆಯುವುದು ಸ್ವಲ್ಪದರಲ್ಲಿ ತಪ್ಪಿತು. ನಕ್ಕೆ. ರೌಡಿ ಬೆಚ್ಚಿ ನನ್ನ ಮುಖ ನೋಡಿದ... ಆ ಸದ್ದು ಅವನಿಗೆ ಹೊಸದು.

ಏಪ್ರಿಲ್ 19
ಅಕ್ಕಪಕ್ಕ ನಡೆದೆವು. ರೌಡಿ ಅಜ್ಜಿಯನ್ನು ಮೂಸಿ ಆಕಳಿಸಿದ. ಓನರ್ ಕೂಡ "ಪರವಾಗಿಲ್ವೇ!" ಅಂದರು.
ಸಿಸ್ಟರ್, "ಗೆದ್ರಿ ಬಿಡಿ! ನಾಳೆಯಿಂದ ನಾವು ಬೇಕಾಗಿಲ್ಲ ನಿಮ್ಗೆ."
"ಹೌದು, ಥ್ಯಾಂಕ್ಸ್" ಅಂದೆ. ದಡ್ಡ. ಅಷ್ಟೇ ಅಂದೆ.

ಏಪ್ರಿಲ್ 20
ನಾನು, ರೌಡಿ ಇಬ್ಬರೇ ಹೋದೆವು. ಎದುರಿಗೆ ಎರಡು ನಾಯಿ ಬಂದವು. ರೌಡಿ ಸುಮ್ಮನೆ ನೋಡಿ ಚೀಸ್ ಕೇಳಿದ. ಜಾಣ. ಬೈಯಬೇಕೆನಿಸಿತು.

ಏಪ್ರಿಲ್ 25
ಅಜ್ಜಿ ಜೊತೆ ಸಿಸ್ಟರ್ ಗೇಟಿನಲ್ಲಿ ಸಿಕ್ಕರು. "ಹೇಗಿದ್ದಾನೆ ನಮ್ಮ ರೌಡಿ?"
"ಎಲ್ಲಿ ಸಿಸ್ಟರ್... ಮತ್ತೆ ಶುರು ಮಾಡ್ಕೊಂಡಿದ್ದಾನೆ."
ಆ ಕಳ್ಳ ಆಗಲೇ ಅಜ್ಜಿಯ ಹೊಟ್ಟೆಗೊರಗಿ ಮಲಗಿದ್ದ. ಅವರು ಅವನನ್ನು ನೋಡಿದರು. ನನ್ನನ್ನು ನೋಡಿದರು.
"ಹೌದೌದು, ಕಾಣ್ತಾನೇ ಇದೆ. ನಾಳೆ ಸಂಜೆ ನೋಡೋಣ."

ಏಪ್ರಿಲ್ 26, ಸಂಜೆ
ಇನ್ನೂ ಬಂದಿಲ್ಲ. ಡ್ಯೂಟಿ ತಡವಾಗಿರಬಹುದು. ಮಾತಿಗೆ ಅಂದದ್ದೂ ಇರಬಹುದು. ಶೂ ಹಾಕಿಕೊಂಡೇ ಬರೆಯುತ್ತಿದ್ದೇನೆ. ರೌಡಿ ಕಿವಿ ನಿಮಿರಿಸಿದ. ಮೆಟ್ಟಿಲ ಹತ್ತಿರ ಯಾರೋ —